ಹಾಡಿಗೆ ಮುಖ ಕೊಡುವ ಕೆಲಸ

ನಾನು ಈ ವೃತ್ತಿಗೆ ಬಂದದ್ದು ಕ್ಯಾಸೆಟ್ಟಿನ ಕಾಲದಲ್ಲಿ, ಇನ್‌ಲೇ ಕಾರ್ಡ್ ಮಾಡುವ ಹುಡುಗನಾಗಿ. ಬ್ರೋಮೈಡ್ ಕತ್ತರಿಸಿ, ಗೋಂದು ಹಚ್ಚಿ, ಪೇಸ್ಟಪ್ ಮಾಡಿ ಪ್ರೆಸ್ಸಿಗೆ ಕಳಿಸುತ್ತಿದ್ದೆವು. ಈಗ ಅದೇ ಮೇಜಿನ ಮೇಲೆ ಮಾನಿಟರ್ ಇದೆ. ಪೋಸ್ಟರ್, ಥಂಬ್‌ನೇಲ್, ಸ್ಟೇಟಸ್ಸಿಗೆ ಹಾಕುವ ಉದ್ದ ಚಿತ್ರ ಎಲ್ಲವೂ ಅದರಲ್ಲೇ ಆಗುತ್ತದೆ. ಮಾಡಬೇಕಾದದ್ದು ಮಾತ್ರ ಆಗಿನದ್ದೇ: ಹಾಡನ್ನು ಇನ್ನೂ ಕೇಳದವರಿಗೆ ಅದು ಹೇಗಿದ್ದೀತೆಂದು ಕಣ್ಣಿನ ಮೂಲಕ ಹೇಳಬೇಕು. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಹಾಡು ಕೇಳಿ

ನಮ್ಮ ಕೈಗೆ ಸಾಮಾನ್ಯವಾಗಿ ಬರುವುದು ಒಂದು ಫೋಟೊ, ಒಂದು ಹೆಸರು, "ನಾಳೆ ಬೆಳಿಗ್ಗೆ ಬೇಕು ಸಾರ್" ಎಂಬ ಮಾತು. ಹಾಡು ಕಳಿಸಿ ಎಂದರೆ "ಅದು ನಿಮಗ್ಯಾಕೆ?" ಎನ್ನುವವರೂ ಇದ್ದಾರೆ. ಪಟ್ಟು ಹಿಡಿದು ತರಿಸಿಕೊಳ್ಳಿ. ದನಿ ಕಿವಿಯ ಹತ್ತಿರ ಪಿಸುಗುಟ್ಟುತ್ತಿದೆಯೋ, ಬಯಲಲ್ಲಿ ನಿಂತು ಕೂಗುತ್ತಿದೆಯೋ? ತಾಳ ಕುಣಿಸುತ್ತದೆಯೋ, ತೂಗುತ್ತದೆಯೋ? ವಾದ್ಯಗಳು ಒತ್ತೊತ್ತಾಗಿವೆಯೋ, ನಡುವೆ ಜಾಗ ಬಿಟ್ಟಿವೆಯೋ? ಚಿತ್ರದಲ್ಲಿ ಮುಖ ಎಷ್ಟು ಹತ್ತಿರ ಇರಬೇಕು, ಸುತ್ತ ಎಷ್ಟು ಖಾಲಿ ಬಿಡಬೇಕು ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಪಿಸುಮಾತಿನ ಹಾಡಿಗೆ ದೂರದ ಬೆಟ್ಟದ ತುದಿಯಲ್ಲಿ ಗಾಯಕನನ್ನು ನಿಲ್ಲಿಸಿದರೆ ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು ಕೇಳುತ್ತದೆ.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯನ್ನು ಓದಿಕೊಂಡವರು ನನ್ನ ಮುಂದಿಡುತ್ತಾರೆ. ಅಮೆರಿಕದ ಬ್ಲೂ ನೋಟ್ ಕಂಪನಿಯ ಜಾಝ್ ರೆಕಾರ್ಡುಗಳಿಗೆ 1950 ಮತ್ತು 60ರ ದಶಕಗಳಲ್ಲಿ ನೂರಾರು ಕವರ್ ಮಾಡಿದ ರೀಡ್ ಮೈಲ್ಸ್‌ಗೆ ಜಾಝ್ ಅಷ್ಟು ಇಷ್ಟವಿರಲಿಲ್ಲ, ಅವರ ಒಲವು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಡೆಗಿತ್ತು. ನಿಜ. ಆದರೆ ಆ ಸಂಗೀತದ ಗುಣವನ್ನು ಅವರಿಗೆ ಬಿಡಿಸಿ ಹೇಳಲು ನಿರ್ಮಾಪಕ ಆಲ್ಫ್ರೆಡ್ ಲಯನ್ ಇದ್ದರು. ರೆಕಾರ್ಡಿಂಗ್ ನಡೆಯುವಾಗಲೇ ಫ್ರಾನ್ಸಿಸ್ ವುಲ್ಫ್ ತೆಗೆದ, ಬೆವರು ಹೊಗೆ ಎರಡೂ ಕಾಣುವ ಫೋಟೊಗಳು ಮೇಜಿನ ಮೇಲಿದ್ದವು. ನಿಮ್ಮ ಬದಲು ಹಾಗೆ ಕೇಳಿ ಹೇಳುವವರು ಯಾರಾದರೂ ಇದ್ದರೆ ಸರಿ. ನಮ್ಮಲ್ಲಿ ಹೆಚ್ಚಾಗಿ ಇರುವುದಿಲ್ಲ.

2. ಚಿತ್ರ ಎಲ್ಲಿ, ಎಷ್ಟು ದೊಡ್ಡದಾಗಿ ಕಾಣುತ್ತದೆ?

1940ರಲ್ಲಿ ಕೊಲಂಬಿಯಾ ಕಂಪನಿಯ ಅಲೆಕ್ಸ್ ಸ್ಟೈನ್‌ವೈಸ್ ಎಂಬ ತರುಣ ಕಲಾವಿದ ನ್ಯೂಯಾರ್ಕಿನ ಇಂಪೀರಿಯಲ್ ಥಿಯೇಟರಿನ ದೀಪದ ಫಲಕದಲ್ಲಿ ಆಲ್ಬಮ್ಮಿನ ಹೆಸರನ್ನೇ ಜೋಡಿಸಿ ಫೋಟೊ ತೆಗೆಸಿದರು. ರೆಕಾರ್ಡಿನ ಹೊದಿಕೆಯ ಮೇಲೆ ಅದು ಅಚ್ಚಾಯಿತು. ಅಲ್ಲಿಯವರೆಗೆ 78 ವೇಗದ ತಟ್ಟೆಗಳು ಹೆಚ್ಚಾಗಿ ಮಂಕು ಬಣ್ಣದ, ಹೆಸರು ಮಾತ್ರ ಒತ್ತಿದ ರಟ್ಟಿನಲ್ಲಿ ಬರುತ್ತಿದ್ದವು. ಆಮೇಲೆ ಎಲ್‌ಪಿ ಬಂದಾಗ ಕಲಾವಿದರಿಗೆ 12 ಇಂಚು ಚದರದ ಮೈದಾನವೇ ಸಿಕ್ಕಿತು. ಕ್ಯಾಸೆಟ್ ಅದನ್ನು ಅಂಗೈಗಿಂತ ಚಿಕ್ಕದು ಮಾಡಿತು, ಸಿಡಿ 12 ಸೆಂಟಿಮೀಟರಿಗೆ ತಂದು ನಿಲ್ಲಿಸಿತು. ಫೋನಿನ ಪರದೆಯಲ್ಲಿ ಈಗ ಉಳಿದಿರುವುದು ಹೆಬ್ಬೆರಳಿನ ಉಗುರಿನಷ್ಟು ಜಾಗ.

ಕ್ಯಾಸೆಟ್ ಅಂಗಡಿಯಲ್ಲಿ ನಾನು ಕಲಿತ ದೊಡ್ಡ ವಿಷಯ ಬೆನ್ನಿನದು. ಗಾಜಿನ ಕಪಾಟಿನಲ್ಲಿ ಕ್ಯಾಸೆಟ್ಟುಗಳನ್ನು ಒಂದರ ಮೇಲೊಂದು ಪೇರಿಸಿದಾಗ ಕಾಣುವುದು ಬೆರಳಗಲದ ಆ ಪಟ್ಟಿ ಮಾತ್ರ. ನಾವು ಜೀವ ತೇಯ್ದು ಮಾಡಿದ ಮುಂಭಾಗ ಒಳಗೆ ಅಡಗಿರುತ್ತಿತ್ತು. ಅಂಗಡಿಯವರು ಬೆನ್ನು ಓದಿ ಕ್ಯಾಸೆಟ್ ಎಳೆಯುತ್ತಿದ್ದರು. ಅದಕ್ಕೇ ಬೆನ್ನಿಗೆ ಒಂದೇ ಗಟ್ಟಿ ಬಣ್ಣ, ಹೆಸರು ಎಷ್ಟು ಹಿಡಿಸೀತೋ ಅಷ್ಟು ದಪ್ಪ ಎಂದು ತೀರ್ಮಾನಿಸಿದೆ. ಯೂಟ್ಯೂಬಿನಲ್ಲೂ ಇಂಥ ಒಂದು ಜಾಗವಿದೆ. ಥಂಬ್‌ನೇಲಿನ ಕೆಳಗಡೆ ಬಲಮೂಲೆಯಲ್ಲಿ ಹಾಡಿನ ಅವಧಿ ಕಪ್ಪು ಚೌಕದಲ್ಲಿ ಕೂರುತ್ತದೆ. ಕಂಪನಿಯ ಲೋಗೊವನ್ನೋ ಕವಿಯ ಹೆಸರನ್ನೋ ಅಲ್ಲೇ ಇಟ್ಟು ಮುಚ್ಚಿಸಿಕೊಳ್ಳುವವರನ್ನು ಇವತ್ತಿಗೂ ನೋಡುತ್ತೇನೆ. 1280ಕ್ಕೆ 720 ಪಿಕ್ಸೆಲ್ಲಿನ ಚಿತ್ರವನ್ನು ದೊಡ್ಡ ಮಾನಿಟರಿನಲ್ಲಿ ನೋಡಿ ಮೆಚ್ಚಿಕೊಳ್ಳಬೇಡಿ. ನಿಮ್ಮದೇ ಫೋನಿಗೆ ಕಳಿಸಿ, ಹೊರಗೆ ಬಿಸಿಲಿನಲ್ಲಿ ನಿಂತು ನೋಡಿ.

3. ಯಾರ ಮುಖ?

ಮುಖಕ್ಕೆ ಇರುವ ಸೆಳೆತ ಬೇರೆ ಯಾವುದಕ್ಕೂ ಇಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಹಾಡಿದ ಗೌಹರ್ ಜಾನ್ ಅವರ ಚಿತ್ರ ಪೋಸ್ಟ್‌ಕಾರ್ಡುಗಳ ಮೇಲೆ, ಬೆಂಕಿಪೊಟ್ಟಣಗಳ ಮೇಲೆ ಅಚ್ಚಾಗಿ ಊರೂರಿಗೆ ಹೋಯಿತು. ಒಡವೆ ತೊಟ್ಟು ಕ್ಯಾಮೆರಾವನ್ನು ನೇರ ನೋಡುವ ಆ ಹೆಂಗಸು ಯಾರೆಂದು ತಿಳಿದ ಮೇಲೆ ದನಿ ಕೇಳುವ ಆಸೆ ತಾನಾಗಿ ಹುಟ್ಟುತ್ತದೆ. ಅವರು ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. 1930ರಲ್ಲಿ ಅಲ್ಲೇ ತೀರಿಕೊಂಡರು.

ಸಿನಿಮಾ ಹಾಡಾದರೆ ನಾಯಕ ನಟನ ಮುಖ, ಚರ್ಚೆಯೇ ಇಲ್ಲ. ಕಷ್ಟವಿರುವುದು ನಮ್ಮ ಭಾವಗೀತೆಗಳಲ್ಲಿ. 1978ರ 'ನಿತ್ಯೋತ್ಸವ'ವನ್ನೇ ನೋಡಿ. ಕವಿತೆ ನಿಸಾರ್ ಅಹಮದ್ ಅವರದು, ರಾಗ ಮೈಸೂರು ಅನಂತಸ್ವಾಮಿ ಅವರದು. ಕೊಳ್ಳುವವರು ಕವಿಯನ್ನು ಕೇಳಿ ಬರುತ್ತಾರೋ, ರಾಗ ಹಾಕಿದವರನ್ನೋ, ಹಾಡಿದವರನ್ನೋ? ಕನ್ನಡದಲ್ಲಿ ಮೂರೂ ಬಗೆಯವರಿದ್ದಾರೆ, ಅದು ನಮ್ಮ ಭಾಗ್ಯ. ಇಂಥ ಕಡೆ ಮೂರು ಮುಖಗಳನ್ನು ಮೂರು ಗುಂಡು ಚೌಕಟ್ಟಿನಲ್ಲಿ ಸಮಸಮ ಕೂರಿಸುವುದು ರೂಢಿಯಾಗಿಬಿಟ್ಟಿತು. ಯಾರಿಗೂ ಬೇಸರವಾಗುವುದಿಲ್ಲ, ಯಾರ ಕಣ್ಣಿಗೂ ಏನೂ ನಾಟುವುದಿಲ್ಲ. ನನ್ನ ಅಭಿಪ್ರಾಯ ಹೇಳುತ್ತೇನೆ: ಕವಿ ಮನೆಮಾತಾಗಿದ್ದರೆ ಕವಿಯ ಮುಖ ದೊಡ್ಡದಾಗಿ ಬರಲಿ, ಉಳಿದ ಹೆಸರುಗಳು ಓದಲು ಬರುವಷ್ಟು ದಪ್ಪವಾಗಿ ಕೆಳಗಿರಲಿ. 'ಮೈಸೂರು ಮಲ್ಲಿಗೆ'ಯಂಥ ಸಂಕಲನವಾದರೆ ಪುಸ್ತಕದ ಹೆಸರೇ ಮುಖ. 1942ರಿಂದ ಜನರ ಬಾಯಲ್ಲಿರುವ ಹೆಸರಿನ ಪಕ್ಕ ಇನ್ನೊಂದು ಆಕರ್ಷಣೆ ಹುಡುಕುವುದು ಬೇಕಿಲ್ಲ.

4. ವಾದ್ಯ ತಪ್ಪಬಾರದು

ಜನಪದ ಮತ್ತು ಭಕ್ತಿಗೀತೆಗಳ ಜಾಹೀರಾತಿನಲ್ಲಿ ನಾನು ಅತಿ ಹೆಚ್ಚು ಹೊತ್ತು ಕೊಡುವುದು ಇದಕ್ಕೆ. ಮಾದಪ್ಪನ ಹಾಡಿಗೆ ಕಂಸಾಳೆ ಬೇಕು. ಕಂಸಾಳೆ ಅಂದರೆ ಭಜನೆಯ ತಾಳದ ಹಾಗೆ ಒಂದೇ ತೆರನ ಎರಡು ಬಿಲ್ಲೆಗಳಲ್ಲ. ಒಂದು ಕೈಯಲ್ಲಿ ಬಟ್ಟಲಿನಂಥದ್ದು, ಇನ್ನೊಂದು ಕೈಯಲ್ಲಿ ದಾರ ಕಟ್ಟಿ ಬೀಸುವ ಚಪ್ಪಟೆಯದು. ಕುಣಿತದ ಫೋಟೊ ತೆಗೆಯುವಾಗ ಆ ಬೀಸುವ ಕೈ ಪೂರ್ತಿ ಚಾಚಿದ ಕ್ಷಣ ಸಿಕ್ಕಬೇಕು. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಕೈಗೆ ತಂಬೂರಿ, ಎಲ್ಲಮ್ಮನ ಹಾಡಿಗೆ ಚೌಡಿಕೆ, ಗೀಗೀ ಪದಕ್ಕೆ ದಪ್ಪು ಮತ್ತು ತುಂತುಣಿ. ಯಾವುದೋ ಫೋಟೊ ಭಂಡಾರದಿಂದ ಡೋಲಕ್ಕಿನ ಚಿತ್ರ ಇಳಿಸಿ "ಜನಪದ ಅಂದ್ರೆ ಇದೇ ಅಲ್ವಾ" ಎಂದು ಅಂಟಿಸಿದರೆ ನಗರದಲ್ಲಿ ನಡೆದೀತು. ಆ ಹಾಡನ್ನು ನಿಜವಾಗಿ ಕೊಂಡು, ಜಾತ್ರೆಗೆ ಹೋಗುವ ವ್ಯಾನಿನಲ್ಲಿ ಹಾಕುವವರು ಒಂದೇ ನೋಟಕ್ಕೆ "ಇದು ನಮ್ಮದಲ್ಲ" ಎಂದು ಬಿಡುತ್ತಾರೆ.

ಮಾದಪ್ಪ ಹುಲಿಯ ಮೇಲೆ ಕೂತ ದೇವರು. ಆ ಹುಲಿ ಇದ್ದರೆ ಹೆಸರು ಓದಲು ಬಾರದ ಅಜ್ಜಿಯೂ ಗುರುತು ಹಿಡಿಯುತ್ತಾಳೆ. ಅವಳ ಕೈಗೆ ಹೋಗುವ ಚಿತ್ರ ದೇವರ ಗೂಡು ಸೇರಬಹುದೆಂಬ ಎಚ್ಚರ ನಮಗಿರಬೇಕು. ದೇವರ ಕಣ್ಣಿನ ಮೇಲೆ ಬೆಲೆಯ ಚೀಟಿ ಬೀಳುವ ಹಾಗೆ ವಿನ್ಯಾಸ ಮಾಡಬಾರದು, ಪಾದ ಕತ್ತರಿಸಿ ಹೋಗಬಾರದು.

ಈಚೆಗೆ ಎಐ ಚಿತ್ರಗಳು ಬಂದಿವೆ. ಬೇಗ ಆಗುತ್ತದೆ, ಖರ್ಚಿಲ್ಲ, ಹೊಳೆಯುತ್ತದೆ. ಒಂದು ಕೃತಿಯ ಆಲ್ಬಮ್ಮಿಗೆಂದು ಬಂದ ಅಂಥ ಚಿತ್ರದಲ್ಲಿ ವೀಣೆಯ ಮೆಟ್ಟಿಲುಗಳು ಅರ್ಧಕ್ಕೇ ನಿಂತು ಬರೀ ಮರ ಕಾಣುತ್ತಿತ್ತು, ತಂತಿಗಳು ಕುದುರೆಯನ್ನು ಮುಟ್ಟದೆ ಗಾಳಿಯಲ್ಲಿ ಮುಗಿದಿದ್ದವು. ಸರಸ್ವತಿ ವೀಣೆಗೆ 24 ಮೆಟ್ಟಿಲು, ತಾಳದ ಮೂರೂ ಸೇರಿ 7 ತಂತಿ. ಕರ್ನಾಟಕ ಸಂಗೀತದ ಆಲ್ಬಂ ಕೊಳ್ಳುವವರ ಪೈಕಿ ವೀಣೆ ಕಲಿತವರು, ಕಲಿಯುತ್ತಿರುವವರು, ಮಗಳಿಗೆ ಕಲಿಸುತ್ತಿರುವವರು ಎಷ್ಟು ಮಂದಿ! ವಾದ್ಯವನ್ನೇ ಸರಿಯಾಗಿ ನೋಡದವರು ಸಂಗೀತವನ್ನು ಹೇಗೆ ಮಾಡಿಯಾರು ಎಂದು ಅವರಿಗೆ ಅನ್ನಿಸಿದರೆ ತಪ್ಪಲ್ಲ. ಆ ಚಿತ್ರವನ್ನು ಬಿಟ್ಟು, ವೈಣಿಕರ ಮನೆಗೆ ಹೋಗಿ, ಕಿಟಕಿಯ ಬೆಳಕಿನಲ್ಲಿ ಅವರ ವೀಣೆಯನ್ನೇ ಫೋಟೊ ತೆಗೆದೆವು. ಮೇಣದ ಮೇಲೆ ಕೂತ ಮೆಟ್ಟಿಲುಗಳ ಹಿತ್ತಾಳೆ ಸವೆದು ಹೊಳೆಯುತ್ತಿತ್ತು. ಮುಂಭಾಗಕ್ಕೆ ಅಷ್ಟೇ ಸಾಕಾಯಿತು.

5. ಕನ್ನಡ ಅಕ್ಷರಕ್ಕೆ ಮೇಲೂ ಕೆಳಗೂ ಜಾಗ ಬೇಕು

ಇಂಗ್ಲಿಷ್ ದೊಡ್ಡಕ್ಷರಗಳು ಒಂದು ಪಟ್ಟಿಯೊಳಗೆ ನೆಟ್ಟಗೆ ಕೂರುತ್ತವೆ. ಅವಕ್ಕೆಂದು ಮಾಡಿದ ಟೆಂಪ್ಲೇಟಿನಲ್ಲಿ ಕನ್ನಡ ಸುರಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. 'ನಿತ್ಯೋತ್ಸವ' ಎಂಬ ಒಂದೇ ಹೆಸರಿನಲ್ಲಿ ಮೇಲೆ ಗುಡಿಸು, ಕೆಳಗೆ ಯ ಒತ್ತು, ಬಲಕ್ಕೆ ಚಾಚಿದ ದೀರ್ಘ, ಮತ್ತೆ ಸ ಒತ್ತು. ಹೆಸರಿನ ಅಂದವೇ ಅಲ್ಲಿದೆ. ಕೈಯಲ್ಲಿ ಬರೆಯುತ್ತಿದ್ದ ಕಲಾವಿದರು ಆ ದೀರ್ಘವನ್ನು ಬಳ್ಳಿಯಾಗಿಸುತ್ತಿದ್ದರು, ಒತ್ತನ್ನು ಪಕ್ಕದ ಅಕ್ಷರದ ಹೊಟ್ಟೆಯಡಿ ಸೇರಿಸುತ್ತಿದ್ದರು. ಫಾಂಟಿನಲ್ಲಿ ಕೂಡಿಸುವವರೂ ಅಕ್ಷರ ಅಕ್ಷರವನ್ನು ಬಿಡಿಸಿಕೊಂಡು ಹಾಗೆ ಹೊಂದಿಸಬಹುದು. ಅರ್ಧ ದಿನ ಹಿಡಿಯುತ್ತದೆ, ಕೊಡಿ.

ಇನ್ನೊಂದು ಸೂಕ್ಷ್ಮ. ದ ಮತ್ತು ಧ ಬೇರೆಯಾಗುವುದು ಅಡಿಯಲ್ಲಿರುವ ಒಂದು ಸಣ್ಣ ಸೀಳಿನಿಂದ. ದಪ್ಪ ಅಂಚು, ಅದರ ಹಿಂದೆ ನೆರಳು, ಅದರಾಚೆ ಹೊಳಪು ಎಂದು ಪೇರಿಸಿದರೆ ಆ ಸೀಳು ಮುಚ್ಚಿಹೋಗುತ್ತದೆ. ಫೋನಿನಲ್ಲಿ 'ಮಧುರ' 'ಮದುರ' ಆಗುತ್ತದೆ. ಅಂಚು ಬೇಕೇ ಬೇಕೆಂದರೆ ತೆಳ್ಳಗೆ ಎಳೆದು, ಹಿಂದಿನ ಚಿತ್ರವನ್ನು ಕಪ್ಪಾಗಿಸಿ. ಅಕ್ಷರ ತಾನೇ ಎದ್ದು ಬರುತ್ತದೆ.

6. ಬಣ್ಣ

ಸಣ್ಣ ಮಾತು. ಪರದೆಯ ಮೇಲೆ ಉರಿಯುವ ಕಿತ್ತಳೆ, ಗಿಳಿಹಸಿರು ನಾಲ್ಕು ಬಣ್ಣದ ಆಫ್‌ಸೆಟ್ಟಿನಲ್ಲಿ ಮಂಕಾಗುತ್ತವೆ. ಪ್ರೂಫನ್ನು ಹಗಲು ಬೆಳಕಿನಲ್ಲಿ ನೋಡದೆ ಸಹಿ ಹಾಕಬೇಡಿ. ಭಕ್ತಿಗೀತೆಗೆ ಅರಿಶಿನ ಕುಂಕುಮ, ವಿರಹಕ್ಕೆ ನೀಲಿ ಎಂಬ ರೂಢಿ ಜನರಿಗೆ ದಾರಿ ತೋರಿಸುತ್ತದೆ, ತಪ್ಪೇನಿಲ್ಲ. ಆದರೆ ಪಟ್ಟಿಯಲ್ಲಿ ನಿಮ್ಮ ಅಕ್ಕಪಕ್ಕ ಬರುವ ಹತ್ತು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿ, ಎಲ್ಲವೂ ಕೇಸರಿಯಾದಾಗ ನಿಮ್ಮದು ಎಲ್ಲಿದೆ ಎಂದು ಹುಡುಕಿ.

7. ಹೆಸರು ಬಿಡುವ ಧೈರ್ಯ ಯಾರಿಗೆ ಒಪ್ಪುತ್ತದೆ?

ಬೀಟಲ್ಸ್ ತಂಡದ 1969ರ 'ಅಬೇ ರೋಡ್' ಮುಂಭಾಗದಲ್ಲಿ ತಂಡದ ಹೆಸರೂ ಇಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ; ನಾಲ್ವರು ರಸ್ತೆ ದಾಟುತ್ತಿದ್ದಾರೆ, ಅಷ್ಟೆ. ಪಿಂಕ್ ಫ್ಲಾಯ್ಡ್‌ನ 1973ರ 'ಡಾರ್ಕ್ ಸೈಡ್ ಆಫ್ ದಿ ಮೂನ್'ನಲ್ಲಿ ಕಪ್ಪಿನ ಮೇಲೆ ಪಟ್ಟಕ, ಒಂದು ಬಿಳಿ ಕಿರಣ, ಒಡೆದ ಬಣ್ಣಗಳು. ನಮ್ಮ ಹೊಸ ಗಾಯಕರು ಇವನ್ನು ತೋರಿಸಿ "ಹೀಗೇ ಮಾಡಿಕೊಡಿ" ಎನ್ನುತ್ತಾರೆ. ಆ ತಂಡಗಳಿಗೆ ಮುಂಚೆಯೇ ಕೇಳುಗರಿದ್ದರು. ಹೆಸರೇ ಗೊತ್ತಿಲ್ಲದವರ ಹೆಸರನ್ನು ಮರೆಮಾಡಿದರೆ ಜನ ಹುಡುಕುವುದು ಹೇಗೆ?

ಈ ಮಾತನ್ನು ಮೀರಿದ ಒಂದು ಚಿತ್ರವನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಮ್ಯಾಂಚೆಸ್ಟರಿನ ಜಾಯ್ ಡಿವಿಷನ್ ತಂಡಕ್ಕೆ 1979ರಲ್ಲಿ ಪೀಟರ್ ಸ್ಯಾವಿಲ್ ಮಾಡಿದ 'ಅನ್‌ನೋನ್ ಪ್ಲೆಷರ್ಸ್' ಕವರ್. ತಂಡಕ್ಕೆ ಅದು ಮೊದಲ ಆಲ್ಬಂ, ಆದರೂ ಮುಂದೆ ಹೆಸರಿಲ್ಲ. ಕಪ್ಪಿನ ನಡುವೆ ಒಂದರ ಕೆಳಗೊಂದು ಬಿಳಿ ಗೆರೆಗಳು, ಮಧ್ಯದಲ್ಲಿ ಮಾತ್ರ ಬೆಟ್ಟಸಾಲಿನಂತೆ ಏಳುತ್ತವೆ. ಖಗೋಳಶಾಸ್ತ್ರದ ವಿಶ್ವಕೋಶವೊಂದರಲ್ಲಿದ್ದ ನಕ್ಷೆ ಅದು. 1967ರಲ್ಲಿ ಕಂಡುಹಿಡಿದ ಮೊದಲ ಪಲ್ಸಾರ್ ಹೊಮ್ಮಿಸುವ ರೇಡಿಯೊ ಮಿಡಿತಗಳನ್ನು ಒಂದೊಂದಾಗಿ ಗೆರೆ ಎಳೆದು ಜೋಡಿಸಿದ್ದು. ಬಿಳಿಯ ಮೇಲಿದ್ದ ಕಪ್ಪು ಗೆರೆಗಳನ್ನು ಸ್ಯಾವಿಲ್ ತಿರುವುಮುರುವು ಮಾಡಿದರು. ಮಿಡಿತಗಳ ನಡುವೆ ಸುಮಾರು 1.3 ಸೆಕೆಂಡ್ ಅಂತರ, ತಪ್ಪದೆ. ಆ ತಂಡದ ಡ್ರಮ್ಮಿನ ತಣ್ಣನೆಯ, ಯಂತ್ರದಂಥ ಲಯವನ್ನು ಕೇಳಿ ಈ ಗೆರೆಗಳನ್ನು ನೋಡಿದರೆ ಎರಡೂ ಒಂದೇ ಕಡೆಯಿಂದ ಬಂದಂತಿವೆ. ಲಯವನ್ನೇ ಕಣ್ಣಿಗೆ ಕಾಣಿಸಿದ ಚಿತ್ರ ಅದು. ಆ ತಂಡವನ್ನು ಒಮ್ಮೆಯೂ ಕೇಳದವರು ಇವತ್ತು ಅದನ್ನು ಟೀ ಶರ್ಟಿನ ಮೇಲೆ ತೊಟ್ಟು ಓಡಾಡುತ್ತಾರೆ. ಚಿತ್ರಕ್ಕೆ ಅಷ್ಟು ಬಲವಿದ್ದರೆ ಹೆಸರು ಬಿಡಿ. ಹಾಗಿದ್ದರೂ ಜಾಹೀರಾತಿನಲ್ಲಿ, ಪೋಸ್ಟರಿನ ಅಡಿಯಲ್ಲಿ, ಹೆಸರು ಇರಲಿ.

8. ಗೋಡೆಗೆ ಹೋಗುವ ಹಾಗೆ ಮಾಡಿ

1966ರಲ್ಲಿ ಮಿಲ್ಟನ್ ಗ್ಲೇಸರ್ ಮಾಡಿದ ಬಾಬ್ ಡಿಲನ್ ಪೋಸ್ಟರ್ ರೆಕಾರ್ಡಿನ ಜೊತೆಗೆ ಮಡಿಚಿ ಇಟ್ಟದ್ದಾಗಿತ್ತು. ಕಪ್ಪು ಪಾರ್ಶ್ವಮುಖ, ಕೂದಲಿನಲ್ಲಿ ಮಾತ್ರ ಸುರುಳಿ ಸುರುಳಿ ಬಣ್ಣ, ಮೂಲೆಯಲ್ಲಿ ಒಂದೇ ಪದ. ಕೊಂಡವರು ಬಿಚ್ಚಿ ತಮ್ಮ ಕೋಣೆಯ ಗೋಡೆಗೆ ಅಂಟಿಸಿಕೊಂಡರು, ಸ್ನೇಹಿತರು ಬಂದು ನೋಡಿದರು. ಈಗ ಆ ಗೋಡೆಯ ಕೆಲಸವನ್ನು ವಾಟ್ಸ್ಆ್ಯಪ್ ಸ್ಟೇಟಸ್ ಮಾಡುತ್ತಿದೆ. ಸ್ಟೇಟಸ್ಸಿಗೆ ಹಾಕಿಕೊಳ್ಳಲಿ ಎಂದು ಮಾಡುವ ಚಿತ್ರದಲ್ಲಿ ಪ್ರಾಯೋಜಕರ ಲೋಗೊಗಳ ಸಾಲನ್ನು ತುಂಬಿದರೆ ಯಾರೂ ಹಾಕಿಕೊಳ್ಳುವುದಿಲ್ಲ. ಪ್ರಾಯೋಜಕರಿಗೆ ಬೇರೆ ಚಿತ್ರ ಮಾಡಿಕೊಡಿ.

9. ಕೊಟ್ಟ ಮಾತು

ಹಾಡಿನಲ್ಲಿ ಇಲ್ಲದ್ದನ್ನು ಚಿತ್ರದಲ್ಲಿ ತೋರಿಸಬೇಡಿ. ಮಳೆಯ ಹಾಡಿಗೆ ಮದುವೆಯ ಚಿತ್ರ, ವಚನ ಗಾಯನಕ್ಕೆ ಸಿನಿಮಾ ತಾರೆಯ ಮುಖ ಹಾಕಿ ಎಂದು ಕೇಳುವವರಿದ್ದಾರೆ. ಒತ್ತಿದವರ ಸಂಖ್ಯೆ ಏರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಹಾಗೆ ಕೇಳಿದ ನಿರ್ಮಾಪಕರೊಬ್ಬರ ಪಕ್ಕ ಕೂತು, ನೋಡುಗರು ಎಲ್ಲಿಯವರೆಗೆ ಉಳಿದರೆಂದು ಯೂಟ್ಯೂಬ್ ತೋರಿಸುವ ಗೆರೆಯನ್ನು ತೆರೆದು ನೋಡಿದೆ. ಪಲ್ಲವಿ ಶುರುವಾಗುವ ಮೊದಲೇ ಗೆರೆ ಕುಸಿದಿತ್ತು. ಬಂದವರು ಬೇರೇನನ್ನೋ ಹುಡುಕಿಕೊಂಡು ಬಂದಿದ್ದರು. ವಚನ ಕೇಳಬೇಕಾದವರು ಆ ಮುಖ ನೋಡಿ ತಮ್ಮದಲ್ಲವೆಂದು ದಾಟಿಹೋಗಿದ್ದರು.

ನಿರ್ಮಾಪಕರು ಒಪ್ಪಿದ ಮೇಲೆ ಗಾಯಕಿ ಏಕತಾರಿ ಹಿಡಿದು ಕೂತಿದ್ದ, ವಿಡಿಯೊದ ಮೊದಲ ದೃಶ್ಯವನ್ನೇ ಥಂಬ್‌ನೇಲಿಗೆ ತೆಗೆದುಕೊಂಡೆವು. ಒತ್ತಿ ಒಳಗೆ ಬಂದವರಿಗೆ ಹೊರಗೆ ಕಂಡದ್ದೇ ಎದುರಾಗಬೇಕು. ಈಗ ನನ್ನ ಮೇಜಿನಲ್ಲಿ ಇದೇ ಕ್ರಮ. ಹಾಡಿನ ಮೊದಲ 15 ಸೆಕೆಂಡಿನೊಳಗೆ ಕಾಣುವ ಅಥವಾ ಕೇಳುವ ಏನನ್ನಾದರೂ ಆರಿಸಿಕೊಂಡು ಚಿತ್ರ ಕಟ್ಟುತ್ತೇವೆ. ಆಮೇಲೆ ಬರುವ ಚಂದದ ದೃಶ್ಯಗಳು ಎರಡನೆಯ ವಾರದ ಪೋಸ್ಟರಿಗೆ ಇರಲಿ ಎಂದು ಬೇರೆ ಫೋಲ್ಡರಿಗೆ ಹಾಕುತ್ತೇವೆ.