ಸೇವೆಯ ನಡುವೆ ಬತ್ತಿದ ಪ್ರಾರ್ಥನೆ

ಸಹೋದರಿ, ಸಂಡೇ ಸ್ಕೂಲ್, ಕ್ವಾಯರ್, ಸ್ತ್ರೀಯರ ಕೂಟ ಎಲ್ಲದರಲ್ಲೂ ನೀವಿದ್ದೀರಿ. ಆದರೂ ಒಬ್ಬರೇ ಮೊಣಕಾಲೂರಿದಾಗ ಮಾತೇ ಹೊರಡುವುದಿಲ್ಲ ಎಂದು ಬರೆದಿದ್ದೀರಿ. ನಿಮ್ಮ ನಂಬಿಕೆ ಸತ್ತಿದೆ ಎಂದು ನನಗನ್ನಿಸುವುದಿಲ್ಲ. ದೇವರ ಕೆಲಸವೇ ದೇವರ ಜಾಗದಲ್ಲಿ ಬಂದು ಕೂತಿದೆ.

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯ ತೆರೆಯಿರಿ. ಕಪೆರ್ನೌಮಿನಲ್ಲಿ ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ಯೇಸು ಎಷ್ಟೋ ರೋಗಿಗಳನ್ನು ವಾಸಿಮಾಡಿದರು. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಜನರಿಲ್ಲದ ಕಡೆ ಹೋಗಿ ಪ್ರಾರ್ಥಿಸಿದರು. ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಎಂದು ಸೀಮೋನ ಬಂದು ಹೇಳಿದಾಗ ಅವರು ಹಿಂದಿರುಗದೆ ಬೇರೆ ಊರುಗಳತ್ತ ಹೊರಟರು. ಕಾಯುವವರಿದ್ದರು, ಅವರ ಕಷ್ಟವೂ ನಿಜವೇ. ಆದರೂ ದಿನದ ದಾರಿ ತೀರ್ಮಾನವಾದದ್ದು ತಂದೆಯ ಸನ್ನಿಧಿಯಲ್ಲಿ. ಈ ಭಾಗ ಓದಿದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಸದ್ಯಕ್ಕೆ ಒಂದಾದರೂ ಜವಾಬ್ದಾರಿ ಬಿಡಿ. ಸಭಾಪಾಲಕರಿಗೆ ನೇರವಾಗಿಯೇ ಹೇಳಿ. ಬೆಳಿಗ್ಗೆ ಮೊಬೈಲ್ ಮುಟ್ಟುವ ಮುನ್ನ, ಒಲೆ ಹಚ್ಚುವ ಮುನ್ನ, ಕಾಲು ಗಂಟೆ ಕೂತುಕೊಳ್ಳಿ. ಆಗ ಪಾಠದ ತಯಾರಿಗಾಗಿ ಸತ್ಯವೇದ ಓದಬೇಡಿ. ಮಾತು ಬಾರದಿದ್ದರೆ 13ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ದೇವರು ಮರೆತೇಬಿಟ್ಟನೇ ಎಂಬ ದೂರಿನಿಂದಲೇ ಅದು ಶುರುವಾಗುತ್ತದೆ. ನಿಮ್ಮ ದೂರನ್ನೂ ಅದರ ಜೊತೆಗಿಡಿ, ಬೇಸರವನ್ನು ಬಚ್ಚಿಡಬೇಡಿ.

ನಿದ್ದೆ, ಹಸಿವೂ ಕೆಟ್ಟಿದ್ದರೆ ವೈದ್ಯರನ್ನೂ ಕಾಣಿ. ಅದರಿಂದ ನಂಬಿಕೆಗೆ ಕುಂದಿಲ್ಲ.

ನೀವು ಬಿಟ್ಟರೆ ಕ್ವಾಯರ್ ನಿಂತೇಹೋದೀತೆಂಬ ಭಯ ಬೇಡ. ಹಿಂದಿನ ಸಾಲಿನಲ್ಲಿ ಹಾಡುವ ಹುಡುಗಿಯರಲ್ಲಿ ಒಬ್ಬಳನ್ನು ಈ ಭಾನುವಾರವೇ ಕೇಳಿನೋಡಿ.