ಗಾಳಿ ತೂರಿದ ಉಸುಕು

ಅಕ್ಕಂದಿರೇ, ಈಗ ರಾಶಿ ಮಾಡಲು ಮಷಿನ್ ಬಂದಾವ. ಆದರೂ ಜೋಳ ತೂರುವುದನ್ನು ನಾವು ಮರೆತಿಲ್ಲ. ಗಾಳಿ ಬಂತಂದ್ರ ಬುಟ್ಟಿ ಎತ್ತಿ ತೂರುತ್ತೇವೆ. ಕಾಳು ಕಾಲ ಬುಡಕ್ಕೆ ಬೀಳುತ್ತದೆ. ಹೊಟ್ಟು ಆಚೆ ಬೀಳುತ್ತದೆ. ಧೂಳು ಇನ್ನೂ ದೂರ ಹೋಗುತ್ತದೆ. ಹೊಟ್ಟು ಬಿದ್ದ ಕಡೆ ನೋಡಿದರೆ ಗಾಳಿ ಎತ್ತ ಬೀಸಿತ್ತು ಅಂತ ಗೊತ್ತಾಗುತ್ತದೆ.

ಉಸುಕನ್ನೂ ಗಾಳಿ ಹೀಗೇ ತೂರುತ್ತದೆ. ನಮ್ಮ ರಾಜ್ಯದ ತಲಕಾಡಿನಲ್ಲಿ ಇದನ್ನು ನೋಡಬಹುದು.

ತಲಕಾಡು ಮೈಸೂರು ಜಿಲ್ಲೆಯಲ್ಲಿದೆ. ಕಾವೇರಿ ಹೊಳೆಯ ದಂಡೆಯ ಊರು. ಅದು ಮರುಭೂಮಿ ಅಲ್ಲ. ಆದರೂ ಅಲ್ಲಿ ಉಸುಕಿನ ದಿಬ್ಬಗಳಿವೆ. ಹಳೆಯ ಊರು, ಗುಡಿಗಳು ಅದರಡಿ ಹೋದವು. ಹೊಯ್ಸಳ ದೊರೆ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ಗುಡಿಯನ್ನೂ ಉಸುಕು ಮುಚ್ಚಿತ್ತು. ಅಗೆದು ತೆಗೆಯಬೇಕಾಯಿತು.

ಅಲಮೇಲಮ್ಮನ ಶಾಪದಿಂದ ಹೀಗಾಯಿತು ಅಂತ ಜನ ಹೇಳುತ್ತಾರೆ. ಆ ಹೆಣ್ಣುಮಗಳ ಕಥೆ ಕೇಳಿದರೆ ಕರುಳು ಚುರ್ ಅಂತದ. ಆದರೆ ಉಸುಕು ಹೊತ್ತು ತಂದದ್ದು ಗಾಳಿ. 14ನೇ ಶತಮಾನದಲ್ಲಿ ಅಲ್ಲಿ ಹೊಳೆಗೆ ಒಡ್ಡು ಕಟ್ಟಿದರು. ಅದೇ ಮಾಧವಮಂತ್ರಿ ಕಟ್ಟೆ. ಆಮೇಲೆ ನೀರು ಕಡಿಮೆಯಾಗಿ ಹೊಳೆಯ ಉಸುಕು ಬಯಲಾಯಿತು. ಮುಂಗಾರಿನ ಗಾಳಿ ಅದನ್ನು ಊರ ಮೇಲೆ ತಂದು ಹಾಕಿತು. ಸಂಶೋಧಕರು ಹೀಗೆ ಹೇಳುತ್ತಾರೆ. ಮುಂಗಾರಿನ ಗಾಳಿ ನೈಋತ್ಯದಿಂದ ಬರುತ್ತದೆ. ನೈಋತ್ಯ ಅಂದ್ರ ದಕ್ಷಿಣ, ಪಶ್ಚಿಮದ ನಡುವಿನ ಮೂಲೆ.

ಉಸುಕಿನ ಹರಳು ಏನು ಹೇಳುತ್ತದೆ?

ದಪ್ಪ ಹರಳು ಗಾಳಿಗೆ ಜಗ್ಗುವುದಿಲ್ಲ. ಅದು ಹೊಳೆಯಲ್ಲೇ ಉಳಿಯುತ್ತದೆ. ಸಣ್ಣ ರವೆಯಂಥ ಉಸುಕು ನೆಲದ ಮೇಲೆ ಜಿಗಿಯುತ್ತ ಹೋಗುತ್ತದೆ. ದಿಬ್ಬ ಆಗುವುದು ಇದರಿಂದಲೇ. ಇಂಥ ಮೂರು ನಾಲ್ಕು ಹರಳು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆಗುತ್ತದೆ. ಹಿಟ್ಟಿನಂಥ ಧೂಳು ಮಾತ್ರ ಮುಗಿಲಿಗೆ ಏಳುತ್ತದೆ. ಬನಹಟ್ಟಿಯ ನೇಕಾರ ಅಕ್ಕಂದಿರಿಗೆ ಈ ಧೂಳು ಗೊತ್ತು, ನೂಲಿನ ಮೇಲೆ ಬಂದು ಕೂರುತ್ತದೆ.

ದಿಬ್ಬದಲ್ಲಿ ದಪ್ಪ ಹರಳು ಇದ್ದರೆ ಅಲ್ಲಿ ಗಾಳಿ ಜೋರಿತ್ತು. ಹರಳು ಯಾವ ಕಡೆ ಸಣ್ಣದಾಗುತ್ತ ಹೋಗುತ್ತದೋ, ಗಾಳಿ ಆ ಕಡೆ ಬೀಸಿದೆ. ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ನೈಋತ್ಯದಿಂದ ಈಶಾನ್ಯಕ್ಕೆ ಹೋದಂತೆ ಉಸುಕು ಸಣ್ಣದಾಗುತ್ತದೆ. ಅಲ್ಲಿಯೂ ಅದೇ ಮುಂಗಾರಿನ ಗಾಳಿ. ವಿಜ್ಞಾನಿಗಳು ಇದನ್ನು ಹೇಗೆ ಅಳೆಯುತ್ತಾರೆ? ಸಾಣಿಗೆಯ ಮೇಲೆ ಸಾಣಿಗೆ ಇಟ್ಟು ಸೋಸುತ್ತಾರೆ. ನೋಡ್ರಿ, ನಮ್ಮ ಅಡುಗೆಮನೆಯ ಕೆಲಸವೇ!

ಮಾಡಿ ನೋಡಿ: ಕೃಷ್ಣಾ ಇಲ್ಲವೇ ಘಟಪ್ರಭಾ ಹೊಳೆಯ ಒಂದು ಹಿಡಿ ಉಸುಕು ತನ್ನಿ. ಗಾಳಿ ಎದ್ದ ದಿನ ಬಾಗಿಲ ಸಂದಿಯಲ್ಲಿ ಕೂತ ಧೂಳನ್ನೂ ತನ್ನಿ. ಎರಡನ್ನೂ ಬಿಳಿ ಹಾಳೆಯ ಮೇಲೆ ಹರಡಿ, ಬೆರಳಿನಿಂದ ಉಜ್ಜಿ ನೋಡಿ. ಯಾವುದನ್ನು ನೀರು ತಂದಿತು? ಯಾವುದನ್ನು ಗಾಳಿ ತಂದಿತು? ವಹಿಯಲ್ಲಿ ಬರೆಯಿರಿ.