ಅರಿಶಿಣಕ್ಕೆ ಸಿಕ್ಕ ಸಾಕ್ಷಿ

(ಹೊಸದನ್ನು ಕಂಡುಹಿಡಿದವರಿಗೆ ಸರಕಾರ ಕೊಡುವ ಹಕ್ಕಿಗೆ ಪೇಟೆಂಟ್ ಎನ್ನುತ್ತಾರೆ. ಅಂಗಡಿಯ ಸರಕಿನ ಹೆಸರು, ಗುರುತುಗಳಿಗೆ ಸಿಗುವ ಹಕ್ಕಿಗೆ ವ್ಯಾಪಾರ ಚಿಹ್ನೆ ಎನ್ನುತ್ತಾರೆ. ಇವುಗಳ ದಾಖಲೆಯನ್ನು ಯಾರು ಬೇಕಾದರೂ ಹುಡುಕಿ ನೋಡಬಹುದು. ಹಾಗೆ ಹುಡುಕುವುದರಿಂದ ಏನು ಉಪಯೋಗ? ಈ ಪಾಠವನ್ನು ಓದಿರಿ.)

ಮಕ್ಕಳೇ, ಆಟವಾಡುವಾಗ ಬಿದ್ದು ನಿಮ್ಮ ಮೊಣಕಾಲು ತರಚಿತು ಎಂದುಕೊಳ್ಳಿರಿ. ಮನೆಯಲ್ಲಿ ಅಜ್ಜಿ ಮೊದಲು ಯಾವ ಡಬ್ಬಿಯನ್ನು ಹುಡುಕುತ್ತಾಳೆ? ಅರಿಶಿಣದ ಡಬ್ಬಿಯನ್ನು, ಅಲ್ಲವೇ? ದೊಡ್ಡ ಗಾಯವಾದರೆ ದವಾಖಾನೆಗೆ ಹೋಗಲೇಬೇಕು. ಆದರೆ ಚಿಕ್ಕ ಗಾಯಕ್ಕೆ ಅರಿಶಿಣ ಹಚ್ಚುವುದು ನಮ್ಮ ನಾಡಿನ ಹಳೆಯ ರೂಢಿ. ಅಜ್ಜಿಗೆ ಇದನ್ನು ಅವಳ ಅಜ್ಜಿ ಕಲಿಸಿದಳು. ಆ ಅಜ್ಜಿಗೆ ಅವಳ ಹಿರಿಯರು ಕಲಿಸಿದರು. ಇದನ್ನು ಮೊದಲು ಕಂಡುಹಿಡಿದವರು ಯಾರೆಂದು ಯಾರಿಗೂ ಗೊತ್ತಿಲ್ಲ.

ಹೀಗಿರುವಾಗ 1995ರ ಮಾರ್ಚ್ ತಿಂಗಳಲ್ಲಿ ಒಂದು ವಿಚಿತ್ರ ನಡೆಯಿತು. ಅರಿಶಿಣದ ಪುಡಿಯಿಂದ ಗಾಯ ಮಾಯಿಸುವ ವಿಧಾನಕ್ಕೆ ಅಮೆರಿಕದ ಪೇಟೆಂಟ್ ಕಚೇರಿ ಪೇಟೆಂಟ್ ಕೊಟ್ಟಿತು. ಅದು ಅಲ್ಲಿಯ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಸಿಕ್ಕಿತು. ಅಜ್ಜಿಗೆ ಮೊದಲೇ ಗೊತ್ತಿದ್ದ ವಿಷಯ ಹೊಸ ಶೋಧ ಎನಿಸಿಕೊಂಡಿತು!

ಪೇಟೆಂಟ್ ಎಂದರೇನು?

ಒಬ್ಬ ಕಮ್ಮಾರನು ಶೇಂಗಾ ಸುಲಿಯುವ ಹೊಸ ಬಗೆಯ ಯಂತ್ರವನ್ನು ಮಾಡಿದನೆಂದು ತಿಳಿಯೋಣ. ಅದಕ್ಕಾಗಿ ಅವನು ವರ್ಷಗಟ್ಟಲೆ ದುಡಿದಿದ್ದಾನೆ. ಮರುದಿನವೇ ಬೇರೆಯವರು ಅದನ್ನು ನೋಡಿ, ಅಂಥದೇ ಯಂತ್ರ ಮಾಡಿ ಮಾರತೊಡಗಿದರೆ ಅವನ ದುಡಿಮೆಗೆ ಏನು ಫಲ? ಅದಕ್ಕೆ ಹೆದರಿ ಅವನು ಯಂತ್ರದ ಗುಟ್ಟನ್ನು ಮುಚ್ಚಿಟ್ಟರೆ ಆ ವಿದ್ಯೆ ಅವನೊಂದಿಗೇ ಮುಗಿದುಹೋಗುತ್ತದೆ. ಮೊದಲನೆಯದರಿಂದ ಅವನಿಗೆ ನಷ್ಟ. ಎರಡನೆಯದರಿಂದ ಊರಿಗೆ ನಷ್ಟ.

ಸರಕಾರ ಇದಕ್ಕೆ ಒಂದು ಒಪ್ಪಂದದ ದಾರಿ ಮಾಡಿದೆ. ಕಮ್ಮಾರನು ತನ್ನ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಚಿತ್ರಸಹಿತ ಬರೆದುಕೊಡಬೇಕು. ಸರಕಾರ ಅದನ್ನು ಎಲ್ಲರೂ ಓದುವಂತೆ ಪ್ರಕಟಿಸುತ್ತದೆ. ಅದಕ್ಕೆ ಬದಲಾಗಿ, ಅರ್ಜಿ ಕೊಟ್ಟ ದಿನದಿಂದ 20 ವರ್ಷಗಳವರೆಗೆ ಅವನ ಒಪ್ಪಿಗೆ ಇಲ್ಲದೆ ಬೇರೆ ಯಾರೂ ಆ ಯಂತ್ರವನ್ನು ಮಾಡಿ ಮಾರುವಂತಿಲ್ಲ. ಅವಧಿ ಮುಗಿದ ಮೇಲೆ ಅದು ಎಲ್ಲರದು. ಇದೇ ಪೇಟೆಂಟ್. ನಮ್ಮ ದೇಶದಲ್ಲಿ ಇದಕ್ಕಾಗಿ 1970ರ ಪೇಟೆಂಟ್ ಕಾಯ್ದೆ ಇದೆ. ಕೋಲ್ಕತಾ, ಮುಂಬಯಿ, ಚೆನ್ನೈ ಮತ್ತು ದಿಲ್ಲಿಗಳಲ್ಲಿ ಪೇಟೆಂಟ್ ಕಚೇರಿಗಳಿವೆ.

ಈ ಒಪ್ಪಂದಕ್ಕೆ ಒಂದು ಮುಖ್ಯ ನಿಯಮವಿದೆ. ಶೋಧವು ನಿಜವಾಗಿಯೂ ಹೊಸದಾಗಿರಬೇಕು. ಜನರಿಗೆ ಮೊದಲೇ ಗೊತ್ತಿದ್ದುದನ್ನು ಯಾರೂ ತನ್ನದೆನ್ನುವಂತಿಲ್ಲ. ಅದಕ್ಕಾಗಿ ಕಚೇರಿಯ ಪರೀಕ್ಷಕರು ಹಳೆಯ ಪೇಟೆಂಟುಗಳನ್ನೂ ಪುಸ್ತಕಗಳನ್ನೂ ಹುಡುಕಿ ನೋಡುತ್ತಾರೆ.

ಹಾಗಾದರೆ ಅರಿಶಿಣದ ವಿಷಯದಲ್ಲಿ ತಪ್ಪಿದ್ದೆಲ್ಲಿ? ಪರೀಕ್ಷಕರ ಹುಡುಕಾಟದಲ್ಲಿ ಅಜ್ಜಿಯ ಮಾತು ಸಿಗಲಿಲ್ಲ. ಆಗಿನ ಅಮೆರಿಕದ ಕಾಯ್ದೆಯ ಪ್ರಕಾರ ಬೇರೆ ದೇಶದ ಜನರ ಬಾಯಿಮಾತು, ರೂಢಿಗಳು ಸಾಕ್ಷಿಯಾಗುತ್ತಿರಲಿಲ್ಲ. ಅಚ್ಚಾದ ಬರಹ ಬೇಕಿತ್ತು.

ಮೂವತ್ತೆರಡು ಸಾಕ್ಷಿಗಳು

ಅಮೆರಿಕದ ಪೇಟೆಂಟ್ ಆ ದೇಶದಲ್ಲಿ ಮಾತ್ರ ನಡೆಯುತ್ತದೆ. ಆದ್ದರಿಂದ ನಮ್ಮ ಅಜ್ಜಿಯನ್ನು ಯಾರೂ ತಡೆಯುವಂತಿರಲಿಲ್ಲ. ಆದರೆ ಗಾಯಕ್ಕೆಂದು ಅರಿಶಿಣವನ್ನು ಅಲ್ಲಿ ಮಾರಹೊರಟವರಿಗೆ ತೊಡಕಾಗುತ್ತಿತ್ತು. ನಮ್ಮ ಹಿರಿಯರ ತಿಳಿವಳಿಕೆ ಬೇರೆಯವರ ಹೆಸರಿನಲ್ಲಿ ಬರೆದುಹೋಗುತ್ತಿತ್ತು.

ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನ ಪರಿಷತ್ತು ಇದನ್ನು ಪ್ರಶ್ನಿಸಿತು. ಆಗ ಅದರ ಮಹಾನಿರ್ದೇಶಕರಾಗಿದ್ದವರು ಡಾ. ರಘುನಾಥ ಮಾಶೇಲಕರ. ಅವರು ಗೋವೆಯ ಮಾಶೇಲದಲ್ಲಿ ಹುಟ್ಟಿ, ಮುಂಬಯಿಯಲ್ಲಿ ನಗರಪಾಲಿಕೆಯ ಶಾಲೆಯಲ್ಲಿ ಓದಿದವರು. 'ಇದು ನಮಗೆ ಗೊತ್ತಿತ್ತು' ಎಂದು ಬರಿಯ ಮಾತಿನಲ್ಲಿ ಹೇಳಿದರೆ ಸಾಲದೆಂದು ಪರಿಷತ್ತಿನವರಿಗೆ ತಿಳಿದಿತ್ತು. ಅವರು ಹಳೆಯ ಪುಸ್ತಕಗಳನ್ನೂ ಲೇಖನಗಳನ್ನೂ ಹುಡುಕಿದರು. ಸಂಸ್ಕೃತ, ಉರ್ದು, ಹಿಂದಿ ಮುಂತಾದ ಭಾಷೆಗಳಲ್ಲಿ 32 ದಾಖಲೆಗಳು ಸಿಕ್ಕವು. ಅವುಗಳಲ್ಲಿ ಕೆಲವು ನೂರು ವರ್ಷಕ್ಕಿಂತ ಹಳೆಯವು. 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೂ ಅವುಗಳಲ್ಲಿ ಒಂದು. 1996ರಲ್ಲಿ ಈ ಸಾಕ್ಷಿಗಳೊಂದಿಗೆ, ಪೇಟೆಂಟನ್ನು ಮತ್ತೆ ಪರಿಶೀಲಿಸಬೇಕೆಂದು ಅರ್ಜಿ ಕೊಟ್ಟರು.

ಅಮೆರಿಕದ ಕಚೇರಿ ಅವನ್ನೆಲ್ಲ ಪರೀಕ್ಷಿಸಿತು. ಇದು ಹೊಸ ಶೋಧವಲ್ಲ ಎಂದು ಒಪ್ಪಿಕೊಂಡಿತು. 1997ರಲ್ಲಿ ಅರಿಶಿಣದ ಪೇಟೆಂಟನ್ನು ತಳ್ಳಿಹಾಕಿತು. ಎಂದೋ ಯಾರೋ ಬರೆದಿಟ್ಟ ಸಾಲುಗಳು ಅರಿಶಿಣಕ್ಕೆ ಸಾಕ್ಷಿ ಹೇಳಿದವು.

ಸಿಗುವಂತೆ ಇಡುವ ಕೆಲಸ

ಇಲ್ಲಿ ನೀವು ಒಂದು ಮಾತನ್ನು ಗಮನಿಸಬೇಕು. ಆ 32 ದಾಖಲೆಗಳು ಮೊದಲೂ ಇದ್ದವು. ಆದರೆ ಬೇರೆ ಬೇರೆ ಭಾಷೆಗಳಲ್ಲಿ, ಬೇರೆ ಬೇರೆ ಕಪಾಟುಗಳಲ್ಲಿ ಇದ್ದವು. ದೂರದ ದೇಶದ ಪರೀಕ್ಷಕರಿಗೆ ಅವು ಸಿಗುವಂತಿರಲಿಲ್ಲ. ಹುಡುಕಿದವರಿಗೆ ಸಿಗದ ಬರಹ ಇದ್ದೂ ಇಲ್ಲದಂತೆ.

ಅದಕ್ಕಾಗಿ ಭಾರತ ಸರಕಾರ 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವನ್ನು ಆರಂಭಿಸಿತು. ಆಯುರ್ವೇದ, ಯುನಾನಿ, ಸಿದ್ಧ ಮೊದಲಾದ ಪದ್ಧತಿಗಳ ಹಳೆಯ ಗ್ರಂಥಗಳಲ್ಲಿರುವ ಔಷಧಗಳ ವಿವರವನ್ನು ಗಣಕಯಂತ್ರಕ್ಕೆ ಸೇರಿಸಿದರು. ಅವನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮತ್ತು ಜಪಾನೀ ಭಾಷೆಗಳಲ್ಲಿ ಓದುವಂತೆ ಮಾಡಿದರು. ಈಗ ಅದರಲ್ಲಿ ನಾಲ್ಕು ಲಕ್ಷಕ್ಕಿಂತ ಹೆಚ್ಚು ಔಷಧ ವಿವರಗಳಿವೆ. 2009ರಿಂದ ಯುರೋಪಿನ ಪೇಟೆಂಟ್ ಕಚೇರಿಯ ಪರೀಕ್ಷಕರು ಇದನ್ನು ಹುಡುಕಿ ನೋಡುತ್ತಿದ್ದಾರೆ. ಮೊದಲು ಪೇಟೆಂಟ್ ಕಚೇರಿಗಳಿಗಷ್ಟೇ ಇದ್ದ ಈ ಗ್ರಂಥಾಲಯವನ್ನು ಇನ್ನೂ ಹೆಚ್ಚು ಜನರಿಗೆ ತೆರೆಯಲು 2022ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿತು.

ಎಲ್ಲರಿಗೂ ತೆರೆದ ದಾಖಲೆ

ಪೇಟೆಂಟುಗಳ ದಾಖಲೆಯಾದರೋ ಎಲ್ಲರಿಗೂ ತೆರೆದಿದೆ. ಆದರೆ ಹಿಂದೆ ಅದನ್ನು ನೋಡುವುದು ಸುಲಭವಾಗಿರಲಿಲ್ಲ. ದೊಡ್ಡ ನಗರದ ಕಚೇರಿಗೆ ಹೋಗಿ ಕಾಗದದ ರಾಶಿಯಲ್ಲಿ ಹುಡುಕಬೇಕಿತ್ತು. ಜನರಿಗೆ ಈ ಮಾಹಿತಿ ಒದಗಿಸಲೆಂದು 1980ರಲ್ಲಿ ನಮ್ಮ ಮಹಾರಾಷ್ಟ್ರದ ನಾಗಪುರದಲ್ಲಿ ಒಂದು ಪೇಟೆಂಟ್ ಮಾಹಿತಿ ಕೇಂದ್ರ ಆರಂಭವಾಯಿತು.

ಅಂತರ್ಜಾಲ ಬಂದ ಮೇಲೆ ದಾಖಲೆಯೇ ಮನೆಬಾಗಿಲಿಗೆ ಬಂದಿತು. ಯುರೋಪಿನ ಪೇಟೆಂಟ್ ಕಚೇರಿ 1998ರಲ್ಲಿ 'ಎಸ್ಪಾಸನೆಟ್' ಎಂಬ ಹುಡುಕುವ ಸಾಧನವನ್ನು ತೆರೆಯಿತು. ಅದರಲ್ಲಿ ಈಗ ಜಗತ್ತಿನ 15 ಕೋಟಿಗೂ ಹೆಚ್ಚು ಪೇಟೆಂಟ್ ದಾಖಲೆಗಳಿವೆ. 2006ರಲ್ಲಿ 'ಗೂಗಲ್ ಪೇಟೆಂಟ್ಸ್' ಬಂದಿತು. ಭಾರತದ ಪೇಟೆಂಟುಗಳನ್ನು ಹುಡುಕಲು 2015ರಲ್ಲಿ 'ಇನ್‌ಪಾಸ್' ಎಂಬ ಸಾಧನ ಬಂದಿತು. ಇವುಗಳಲ್ಲಿ ಹುಡುಕಲು ಹಣ ಕೊಡಬೇಕಾಗಿಲ್ಲ.

ಹುಡುಕುವುದೂ ಒಂದು ಕಲೆ. ಅರಿಶಿಣವನ್ನೇ ತೆಗೆದುಕೊಳ್ಳಿರಿ. ಕನ್ನಡದಲ್ಲಿ ಅದು ಅರಿಶಿಣ. ಮರಾಠಿಯಲ್ಲಿ ಹಳದ. ಹಿಂದಿಯಲ್ಲಿ ಹಲ್ದಿ. ಸಂಸ್ಕೃತದಲ್ಲಿ ಹರಿದ್ರಾ. ಇಂಗ್ಲಿಷಿನಲ್ಲಿ ಟರ್ಮರಿಕ್. ವಿಜ್ಞಾನಿಗಳು ಕುರ್ಕುಮಾ ಲಾಂಗಾ ಎನ್ನುತ್ತಾರೆ. ಒಂದೇ ಹೆಸರಿನಿಂದ ಹುಡುಕಿದರೆ ಉಳಿದ ಹೆಸರುಗಳಲ್ಲಿ ಬರೆದದ್ದು ತಪ್ಪಿಹೋಗುತ್ತದೆ. ಎರಡು ಮೂರು ಭಾಷೆ ಬಲ್ಲವರಿಗೆ ಇಲ್ಲಿ ಹೆಚ್ಚು ಸಿಗುತ್ತದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ ಇಂಗ್ಲಿಷ್ ಕಲಿಯುವ ನಿಮಗೆ ಈ ಬಲ ಆಗಲೇ ಇದೆ!

ಹೆಸರಿನ ತೊಡಕು ತಪ್ಪಿಸಲು ಇನ್ನೊಂದು ಉಪಾಯವೂ ಇದೆ. ಜಗತ್ತಿನ ಪೇಟೆಂಟುಗಳನ್ನೆಲ್ಲ 'ಎ'ಯಿಂದ 'ಎಚ್'ವರೆಗಿನ ಎಂಟು ವಿಭಾಗಗಳಲ್ಲಿ ಹಂಚಿದ್ದಾರೆ. 'ಎ' ವಿಭಾಗದಲ್ಲಿ ಬೇಸಾಯ, ಆಹಾರ, ಔಷಧಗಳಂಥ ಮನುಷ್ಯನ ಅಗತ್ಯಗಳು ಬರುತ್ತವೆ. 'ಎಚ್' ವಿಭಾಗದಲ್ಲಿ ವಿದ್ಯುತ್ತು ಬರುತ್ತದೆ. ವಿಭಾಗದ ಗುರುತು ಹಾಕಿ ಹುಡುಕಿದರೆ ಭಾಷೆ ಯಾವುದಾದರೂ ಸರಿ, ಒಂದೇ ಬಗೆಯ ಶೋಧಗಳು ಒಟ್ಟಿಗೆ ಸಿಗುತ್ತವೆ.

ಆದರೆ ಒಂದು ಎಚ್ಚರಿಕೆ. ಸಾಮಾನ್ಯವಾಗಿ ಪೇಟೆಂಟ್ ಅರ್ಜಿಯನ್ನು 18 ತಿಂಗಳು ಕಳೆದ ಮೇಲೆ ಪ್ರಕಟಿಸುತ್ತಾರೆ. ಆದ್ದರಿಂದ ನಿನ್ನೆ ಮೊನ್ನೆ ಕೊಟ್ಟ ಅರ್ಜಿ ನಮಗೆ ಕಾಣುವುದಿಲ್ಲ. 'ಸಿಗಲಿಲ್ಲ' ಎಂದ ಮಾತ್ರಕ್ಕೆ 'ಇಲ್ಲ' ಎಂದು ತಿಳಿಯಬಾರದು.

ಚಟ್ನಿಗೆ ಒಂದು ಹೆಸರು

ಪೇಟೆಂಟ್ ಶೋಧಕ್ಕೆ ಸಂಬಂಧಿಸಿದ್ದು. ಸರಕಿನ ಹೆಸರಿಗೂ ಗುರುತಿಗೂ ವ್ಯಾಪಾರ ಚಿಹ್ನೆಯ ಹಕ್ಕು ಬೇರೆ ಇದೆ. ನಮ್ಮ ಸೋಲಾಪುರದ ಕಡೆಯ ಶೇಂಗಾ ಚಟ್ನಿ ನಿಮಗೆ ಗೊತ್ತೇ ಇದೆ. ಒಂದು ಹಳ್ಳಿಯ ಮಹಿಳಾ ಬಚತ ಗಟದವರು ಚಟ್ನಿ ಕುಟ್ಟಿ, ಪೊಟ್ಟಣ ಕಟ್ಟಿ, 'ಕಮಲಾ' ಎಂಬ ಹೆಸರಿನಿಂದ ಮಾರಬೇಕೆಂದಿದ್ದಾರೆ ಎಂದು ಊಹಿಸಿರಿ. ಸಾವಿರಾರು ಚೀಟಿಗಳನ್ನು ಅಚ್ಚು ಹಾಕಿಸಿದ ಮೇಲೆ, ಆ ಹೆಸರು ಬೇರೊಬ್ಬರದು ಎಂದು ಗೊತ್ತಾದರೆ? ಚೀಟಿಯ ಹಣ ಹೋಗುತ್ತದೆ. ನ್ಯಾಯಾಲಯಕ್ಕೆ ಅಲೆಯುವ ಪ್ರಸಂಗವೂ ಬರಬಹುದು.

ಅದಕ್ಕೆ ಮೊದಲು ಹುಡುಕಿ ನೋಡಬೇಕು. ವ್ಯಾಪಾರ ಚಿಹ್ನೆಗಳ ಪ್ರಧಾನ ಕಚೇರಿ ಮುಂಬಯಿಯಲ್ಲಿದೆ. ಅದರ ದಾಖಲೆಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಮಸಾಲೆ, ಚಟ್ನಿಗಳು 30ನೆಯ ವರ್ಗದಲ್ಲಿವೆ. ಆ ವರ್ಗವನ್ನು ಆರಿಸಿ, ಹೆಸರು ಬರೆದು ಹುಡುಕಬೇಕು. 'ಕಮಲ', 'ಕಮಲಾ', 'ಕಮಲ್' ಇವುಗಳ ಬರಹ ಬೇರೆಯಾದರೂ ಉಚ್ಚಾರ ಹತ್ತಿರ. ಕೊಳ್ಳುವವರು ಗೊಂದಲಕ್ಕೆ ಬೀಳಬಹುದು. ಅದಕ್ಕಾಗಿ ಉಚ್ಚಾರದಿಂದ ಹುಡುಕುವ ವ್ಯವಸ್ಥೆಯೂ ಅಲ್ಲಿದೆ. ಚಿತ್ರದ ಗುರುತುಗಳನ್ನು ಹುಡುಕಲು ಬೇರೆ ವ್ಯವಸ್ಥೆ ಇದೆ. ಹೆಸರು ನೋಂದಣಿಯಾದರೆ ಹಕ್ಕು 10 ವರ್ಷ ಇರುತ್ತದೆ. ಮತ್ತೆ ಮತ್ತೆ ನವೀಕರಿಸಬಹುದು.

ಕೆಲವು ಹೆಸರುಗಳು ಒಬ್ಬರ ಸ್ವತ್ತಾಗಿರದೆ ಒಂದು ಊರಿನ ಸ್ವತ್ತಾಗಿರುತ್ತವೆ. ಅವುಗಳಿಗೆ ಭೌಗೋಳಿಕ ಸೂಚಕ ಎಂಬ ಮಾನ್ಯತೆ ಸಿಗುತ್ತದೆ. ಸೋಲಾಪುರದ ಚಾದರಕ್ಕೂ ಟವೆಲ್ಲಿಗೂ ಈ ಮಾನ್ಯತೆ ಇದೆ. 2018ರಲ್ಲಿ ಸಾಂಗಲಿಯ ಅರಿಶಿಣಕ್ಕೂ ಸಿಕ್ಕಿತು. ಇವುಗಳ ದಾಖಲೆ ಚೆನ್ನೈನಲ್ಲಿದೆ. ಅದನ್ನೂ ಅಂತರ್ಜಾಲದಲ್ಲಿ ನೋಡಬಹುದು.

ಮಕ್ಕಳೇ, ದಾಖಲೆ ತೆರೆದಿಟ್ಟರೆ ಕೆಲಸ ಅರ್ಧ ಮುಗಿದಂತೆ. ಉಳಿದ ಅರ್ಧ ಹುಡುಕುವವರದು. ಹುಡುಕಿದರೆ ನಮ್ಮದನ್ನು ಉಳಿಸಿಕೊಳ್ಳಬಹುದು. ಇನ್ನೊಬ್ಬರದನ್ನು ತಿಳಿಯದೆ ಬಳಸುವ ತಪ್ಪಿನಿಂದಲೂ ಪಾರಾಗಬಹುದು. ಹಿರಿಯರ ಬಾಯಲ್ಲಿರುವುದನ್ನು ಬರೆದಿಡುವ ಕೆಲಸವನ್ನಂತೂ ಇಂದೇ ಆರಂಭಿಸಬಹುದು. ಅದಕ್ಕೆ ಗಣಕಯಂತ್ರವೂ ಬೇಡ. ಒಂದು ನೋಟುಬುಕ್ಕು ಸಾಕು.

ಶಬ್ದಾರ್ಥ

ರೂಢಿ – ಬಳಕೆ, ವಾಡಿಕೆ
ತೊಡಕು – ಅಡ್ಡಿ
ಸಾಂಪ್ರದಾಯಿಕ – ಹಿಂದಿನಿಂದ ನಡೆದುಬಂದ
ಬಚತ ಗಟ – ಉಳಿತಾಯದ ಗುಂಪು, ಸ್ವಸಹಾಯ ಸಂಘ
ನವೀಕರಿಸು – ಅವಧಿ ಮುಗಿದಾಗ ಮತ್ತೆ ಮುಂದುವರಿಸು

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಅರಿಶಿಣದ ಪೇಟೆಂಟನ್ನು ಯಾವ ವರ್ಷ ತಳ್ಳಿಹಾಕಲಾಯಿತು?
2. ಪೇಟೆಂಟಿನ ಅವಧಿ ಎಷ್ಟು ವರ್ಷ?
3. ವ್ಯಾಪಾರ ಚಿಹ್ನೆಗಳ ಪ್ರಧಾನ ಕಚೇರಿ ಎಲ್ಲಿದೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಪೇಟೆಂಟನ್ನು ಒಪ್ಪಂದ ಎಂದು ಏಕೆ ಕರೆಯಬಹುದು?
2. ಅಜ್ಜಿಯ ಮಾತು ಸಾಕ್ಷಿಯಾಗಲಿಲ್ಲ, ಪುಸ್ತಕದ ಮಾತು ಸಾಕ್ಷಿಯಾಯಿತು. ಏಕೆ?
3. ಹಲವು ಭಾಷೆ ಬಲ್ಲವರಿಗೆ ದಾಖಲೆ ಹುಡುಕುವಾಗ ಆಗುವ ಲಾಭವೇನು?

ಇ) ವಿಚಾರ ಮಾಡಿ ಹೇಳಿರಿ.
ಬಚತ ಗಟದವರು ಹುಡುಕಿದಾಗ 'ಕಮಲಾ' ಎಂಬ ಹೆಸರು ಚಟ್ನಿಯ ವರ್ಗದಲ್ಲಿ ಮೊದಲೇ ನೋಂದಣಿಯಾಗಿದೆ ಎಂದು ತಿಳಿಯಿತು. ಅವರು ಈಗ ಏನು ಮಾಡಬೇಕು? 'ಕಮಲ್' ಎಂದು ಬದಲಿಸಿದರೆ ಸಾಕೇ?

ಉಪಕ್ರಮ
1. ನಿಮ್ಮ ಮನೆಯ ಹಿರಿಯರಿಂದ ಒಂದು ಮನೆಮದ್ದಿನ ಇಲ್ಲವೆ ಬೇಸಾಯದ ಪದ್ಧತಿಯನ್ನು ಕೇಳಿ ಬರೆದುಕೊಳ್ಳಿರಿ. ಹೇಳಿದವರ ಹೆಸರು, ಊರು, ದಿನಾಂಕಗಳನ್ನು ಬರೆಯಲು ಮರೆಯಬೇಡಿರಿ. ಅದರಲ್ಲಿ ಬರುವ ಗಿಡಗಳ ಹೆಸರನ್ನು ಕನ್ನಡ, ಮರಾಠಿ, ಹಿಂದಿಗಳಲ್ಲಿ ಬರೆಯಿರಿ.
2. ಗುರುಗಳ ಜತೆ ಕುಳಿತು, ಶಾಲೆಯ ಗಣಕಯಂತ್ರದಲ್ಲಿ ನಿಮ್ಮ ಜಿಲ್ಲೆಯ ಭೌಗೋಳಿಕ ಸೂಚಕಗಳು ಯಾವುವು ಎಂದು ಹುಡುಕಿ ಪಟ್ಟಿ ಮಾಡಿರಿ.